ಲೆಕ್ಕದ ಹಾಳೆಯ ಒಳದಾರಿಗಳು

ತುಂಗಭದ್ರೆ ತುಂಬಿದ ದಿನ ಆನೆಗೊಂದಿಯ ಜನರು ಮೊದಲು ವಿಚಾರಿಸುವುದು ಒಂದು ಸಂಖ್ಯೆಯನ್ನು: ಅಣೆಕಟ್ಟಿನಿಂದ ಹೊಳೆಗೆ ಬಿಟ್ಟಿರುವುದು ಎಷ್ಟು ಕ್ಯೂಸೆಕ್? ಆ ಸಂಖ್ಯೆ ಏರಿತೆಂದರೆ ನವವೃಂದಾವನದ ನಡುಗಡ್ಡೆಗೆ ದೋಣಿಯಿಲ್ಲ; ದಡದ ಗದ್ದೆ, ಬಾಳೆಯ ತೋಟಗಳವರಿಗೆ ನಿದ್ದೆಯಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ಮೂವತ್ತಮೂರು ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಸರಪಳಿ ಕಡಿದಾಗ ಹೊಳೆಯ ಕೆಳಗಿನ ಊರುಗಳೆಲ್ಲವೂ ಆ ಸಂಖ್ಯೆಗಾಗಿ ಕಿವಿ ನಿಮಿರಿಸಿ ಕುಳಿತಿದ್ದುವು.

ಆ ಬಳಿಕ ನಾವು ಕೆಲವರು ವಿದ್ಯಾರ್ಥಿಗಳೊಡನೆ ಹತ್ತು ವರ್ಷಗಳ ದೈನಿಕ ಹೊರಹರಿವನ್ನು ಎಕ್ಸೆಲ್ ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟೆವು. ಮೊದಲ ಕಂಬದಲ್ಲಿ ತಾರೀಖು, ಎರಡನೆಯದರಲ್ಲಿ ಕ್ಯೂಸೆಕ್, ಮೂರನೆಯದರಲ್ಲಿ ಟಿಎಂಸಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ ೮೬,೪೦೦ ಸೆಕೆಂಡುಗಳಾದುದರಿಂದ, ಒಂದು ಲಕ್ಷ ಕ್ಯೂಸೆಕ್ ದಿನವಿಡೀ ಹರಿದರೆ ೮.೬೪ ಟಿಎಂಸಿ. ಈ ಸೂತ್ರವನ್ನು ಮೊದಲ ಸಾಲಿನಲ್ಲಿ ಬರೆದು, ಮೂರು ಸಾವಿರದ ಆರುನೂರಕ್ಕೂ ಮಿಕ್ಕ ಸಾಲುಗಳಿಗೆ ಇಳಿಸಬೇಕು. ಒಬ್ಬ ವಿದ್ಯಾರ್ಥಿಯು ಮೌಸ್ ಹಿಡಿದು ಎಳೆಯತೊಡಗಿದನು. ಹಾಳೆ ಓಡಿತು; ಕೊನೆಯ ಸಾಲನ್ನು ದಾಟಿ ಎಲ್ಲಿಗೋ ಹೋಯಿತು; ಹಿಂದಕ್ಕೆಳೆದರೆ ಮತ್ತೆ ಮೇಲಕ್ಕೆ ಹಾರಿತು.

ಇದರಲ್ಲಿ ಅವನ ತಪ್ಪೇನೂ ಇಲ್ಲ. ಗುರಿಯು ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಕೈಗೆ ಹೆಚ್ಚು ಕಾಲ ಬೇಕೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ೧೯೫೪ರಲ್ಲಿಯೇ ಗಣಿತದ ನಿಯಮವಾಗಿ ತೋರಿಸಿದ್ದನು. ೧೯೮೦ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು ಇಂತಹ ಕೆಲಸವನ್ನು ತುಂಡುತುಂಡಾಗಿ ಅಳೆದರು. ಕೈ ಕೀಲಿಮಣೆಯಿಂದ ಮೌಸಿಗೆ ಹೋಗಲು ೦.೪ ಸೆಕೆಂಡು, ಗುರಿಯನ್ನು ತೋರಲು ೧.೧, ಮರಳಿ ಬರಲು ಮತ್ತೆ ೦.೪. ಸಾಧಾರಣ ಬೆರಳಚ್ಚುಗಾರನು ಒಂದು ಕೀಲಿ ಒತ್ತಲು ೦.೨೮ ಸೆಕೆಂಡು ಸಾಕು.

ಈಗ ಒಳದಾರಿಯನ್ನು ನೋಡೋಣ. ತಾರೀಖಿನ ಕಂಬದಲ್ಲಿ ನಿಂತು ಕಂಟ್ರೋಲ್ ಕೀಲಿಯೊಡನೆ ಕೆಳಬಾಣವನ್ನೊತ್ತಿದರೆ ಒಂದೇ ನೆಗೆತಕ್ಕೆ ಕೊನೆಯ ದಿನ. ಬಲಬಾಣ ಎರಡು ಬಾರಿ. ಕಂಟ್ರೋಲ್, ಶಿಫ್ಟ್, ಮೇಲ್ಬಾಣ ಮೂರನ್ನೂ ಒಟ್ಟಿಗೆ ಒತ್ತಿದರೆ ಸೂತ್ರವಿರುವ ಮನೆಯವರೆಗೆ ಕಂಬವೆಲ್ಲ ಆಯ್ಕೆಯಾಗುತ್ತದೆ. ಕಂಟ್ರೋಲ್ ಮತ್ತು ಡಿ ಒತ್ತಿದರೆ ಸೂತ್ರ ತಳದವರೆಗೆ ಇಳಿಯುತ್ತದೆ. ಒಟ್ಟು ಒಂಬತ್ತು ಕೀಲಿಗಳು, ಎರಡೂವರೆ ಸೆಕೆಂಡು!

ಆದರೆ ಅದೇ ಮೂವರು ಇನ್ನೊಂದು ಅಂಕಿಯನ್ನೂ ಕೊಟ್ಟಿದ್ದಾರೆ: ಮುಂದಿನ ಹೆಜ್ಜೆ ಯಾವುದೆಂದು ಯೋಚಿಸಲು ಪ್ರತಿ ಸಲವೂ ೧.೩೫ ಸೆಕೆಂಡು. ಹೊಸಬನು ನಾಲ್ಕು ಕಡೆ ನಿಂತು ಯೋಚಿಸಿದರೆ ಐದು ಸೆಕೆಂಡಿಗೂ ಹೆಚ್ಚು ಕಾಲ ಅಲ್ಲಿಯೇ ಕಳೆಯಿತು. "ಸಾರ್, ಮೌಸೇ ಸಲೀಸು" ಎಂದು ವಿದ್ಯಾರ್ಥಿಗಳು ಮೊದಲ ವಾರ ಹೇಳುವ ಮಾತು ಸುಳ್ಳಲ್ಲ. ಅಂದಹಾಗೆ, ಈ ದಾರಿಯೇ ಹಳೆಯದು. ೧೯೭೯ರಲ್ಲಿ ಬ್ರಿಕ್ಲಿನ್ ಮತ್ತು ಫ್ರ್ಯಾಂಕ್‌ಸ್ಟನ್ ರಚಿಸಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಓಡಿದ ಆಪಲ್ ಯಂತ್ರದಲ್ಲಿ ಇದ್ದುದು ಎಡಬಲದ ಬಾಣಗಳು ಮಾತ್ರ; ಮೇಲೆ ಕೆಳಗೆ ಹೋಗಬೇಕಾದರೆ ಸ್ಪೇಸ್ ಕೀಲಿಯನ್ನೊತ್ತಿ ಬಾಣದ ದಿಕ್ಕನ್ನು ತಿರುಗಿಸಬೇಕಾಗಿತ್ತು!

ವೇಗದ ಸಂತೋಷದಲ್ಲಿದ್ದ ನಮಗೆ ಪೆಟ್ಟು ಬಿದ್ದುದು ಸರಾಸರಿಯನ್ನು ತೆಗೆದಾಗ. ಒಂದು ಆಗಸ್ಟ್ ತಿಂಗಳಿನ ಸರಾಸರಿ ಏಕೋ ಕುಗ್ಗಿತ್ತು. ಹೊರಹರಿವಿನ ಕಂಬಕ್ಕೆ ಹೋಗಿ ಕಂಟ್ರೋಲಿನೊಡನೆ ಕೆಳಬಾಣವನ್ನೊತ್ತಿದೆವು. ಅದು ತಳವನ್ನು ಮುಟ್ಟದೆ ನಡುವೆಯೇ ನಿಂತಿತು. ಖಾಲಿ ಮನೆಯ ಅಂಚಿನಲ್ಲಿ ನಿಲ್ಲುವುದು ಅದರ ಸ್ವಭಾವ. ನಾಲ್ಕು ದಿನಗಳ ಅಂಕಿಗಳನ್ನು ನಾವು ಬರೆದೇ ಇರಲಿಲ್ಲ. ಸೂತ್ರವು ಆ ಖಾಲಿಯನ್ನು ಸೊನ್ನೆಯೆಂದೆಣಿಸಿತ್ತು. "ತಿಳಿಯದು" ಎನ್ನಬೇಕಾದ ಕಡೆ ಹಾಳೆಯು "ಹೊಳೆ ಹರಿಯಲಿಲ್ಲ" ಎಂದಿತ್ತು, ಅದೂ ನಡುಮಳೆಗಾಲದಲ್ಲಿ! ಬೇಸಿಗೆಯ ದಿನಗಳಾಗಿದ್ದರೆ ಆ ಸೊನ್ನೆಯನ್ನು ನಾವು ನಿಜವೆಂದೇ ನಂಬಿ ಸುಮ್ಮನಾಗುತ್ತಿದ್ದೆವು.

ಎಫ್ ೨ ಕೀಲಿಯನ್ನೊತ್ತಿ ಮೊದಲ ಸಾಲಿನ ಸೂತ್ರವನ್ನು ತೆರೆದು, ಹೊರಹರಿವಿನ ಮನೆ ಖಾಲಿಯಿದ್ದರೆ ಈ ಮನೆಯೂ ಖಾಲಿಯಿರಲೆಂಬ ನಿಬಂಧನೆಯನ್ನು ಸೇರಿಸಿದೆವು. ಮತ್ತೆ ಅವೇ ಕೀಲಿಗಳನ್ನು ಒತ್ತಿ ಸೂತ್ರವನ್ನು ತಳದವರೆಗೆ ಇಳಿಸಿದೆವು. ಆ ನಾಲ್ಕು ಮನೆಗಳು ಈಗ ಖಾಲಿಯಾಗಿಯೇ ಇವೆ. ಮೌಸ್ ಹಿಡಿದಿದ್ದ ಹುಡುಗನು ಅವುಗಳ ಅಂಕಿಗಳಿಗಾಗಿ ಹಳೆಯ ವೃತ್ತಪತ್ರಿಕೆಗಳನ್ನು ತಿರುವಿಹಾಕುತ್ತಿದ್ದಾನೆ.