ಒಂದು ದಾರಿ ಕಟ್ಟಿದ ಊರು: ಬೆಲ್ಜಿಯಂನ ಆರ್ಲಾನ್

ಬೆಲ್ಜಿಯಂ ಎಂದರೆ ನಮಗೆ ನೆನಪಾಗುವುದು ಬ್ರಸೆಲ್ಸ್. ಆ ದೇಶದ ಆಗ್ನೇಯ ಮೂಲೆಯಲ್ಲಿ, ಕಾಡುಗುಡ್ಡಗಳ ನಡುವೆ, ಆರ್ಲಾನ್ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಸುಮಾರು 30,000. ಆದರೂ ಅದು ಲಕ್ಸಂಬರ್ಗ್ ಪ್ರಾಂತ್ಯದ ರಾಜಧಾನಿ. ವಿಸ್ತೀರ್ಣದಲ್ಲಿ ಬೆಲ್ಜಿಯಂನ ಅತಿ ದೊಡ್ಡ ಪ್ರಾಂತ್ಯ ಇದೇ. ಜನಸಂಖ್ಯೆಯಲ್ಲಿ ಮಾತ್ರ ಅತಿ ಚಿಕ್ಕದು. ಪಕ್ಕದಲ್ಲೇ ಲಕ್ಸಂಬರ್ಗ್ ಎಂಬ ಸ್ವತಂತ್ರ ದೇಶವೂ ಇದೆ. ಹೆಸರು ಒಂದೇ ಏಕೆ ಎಂಬುದನ್ನು ಮುಂದೆ ನೋಡೋಣ.

ಪಟ್ಟಣದ ಹಳೆಯ ಭಾಗ ಒಂದು ಗುಡ್ಡದ ಮೇಲಿದೆ. ಸೆಮುವಾ ನದಿ ಹುಟ್ಟುವುದು ಈ ಊರಿನಲ್ಲೇ. ಸುತ್ತಿ ಬಳಸಿ ಹರಿದು, ಫ್ರಾನ್ಸ್ ದೇಶದಲ್ಲಿ ಮ್ಯೂಸ್ ನದಿಯನ್ನು ಸೇರುತ್ತದೆ. ಆದರೆ ಊರನ್ನು ಬೆಳೆಸಿದ್ದು ನದಿಯಲ್ಲ, ದಾರಿ. ರೋಮನ್ನರ ಕಾಲದಲ್ಲಿ ರೀಮ್ಸ್‌ನಿಂದ ಟ್ರಿಯರ್‌ಗೆ ಹೋಗುವ ಹೆದ್ದಾರಿ ಇಲ್ಲಿ ಹಾಯುತ್ತಿತ್ತು. ಓರೊಲೌನುಮ್ ಎಂದು ಆಗಿನ ಹೆಸರು. ವ್ಯಾಪಾರದಿಂದ ಹಣ ಬಂತು. ಹಣವಂತರು ತಮ್ಮ ಸಮಾಧಿಗಳ ಮೇಲೆ ಸುಂದರ ಶಿಲ್ಪಗಳನ್ನು ಕೆತ್ತಿಸಿದರು. ಮುಂದೆ ಜರ್ಮಾನಿಕ್ ಪಂಗಡಗಳ ದಾಳಿಯ ಭಯ ಹುಟ್ಟಿದಾಗ, ಗುಡ್ಡದ ಸುತ್ತ ಕೋಟೆ ಗೋಡೆ ಎದ್ದಿತು. ಅದರ ಅಡಿಪಾಯಕ್ಕೆ ಹಾಕಿದ್ದು ಅದೇ ಸಮಾಧಿಗಳ ಕಲ್ಲುಗಳನ್ನು! ಹಿರಿಯರ ನೆನಪಿನ ಕಲ್ಲುಗಳು ಬದುಕಿರುವವರ ಕಾವಲಿಗೆ ನಿಂತವು. ಮಣ್ಣಿನಡಿ ಹುದುಗಿದ್ದರಿಂದಲೇ ಅವು ಉಳಿದವು. ಇಂದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಜನರ ದುಡಿಮೆಯನ್ನೂ ಪ್ರಯಾಣವನ್ನೂ ಈ ಕಲ್ಲುಗಳಲ್ಲಿ ಕಣ್ಣಾರೆ ಕಾಣಬಹುದು.

ಗುಡ್ಡದ ತುದಿಯಲ್ಲಿ ಹಿಂದೆ ಕೋಟೆಮನೆಯಿತ್ತು. ಅದು ಪಾಳುಬಿದ್ದ ಜಾಗದಲ್ಲಿ 17ನೇ ಶತಮಾನದಲ್ಲಿ ಕಪುಚಿನ್ ಸಭೆಯ ಸನ್ಯಾಸಿಗಳು ಮಠ ಕಟ್ಟಿದರು. ಅದರ ದೇವಾಲಯ ಇಂದು ಸಂತ ದೊನಾತುಸ್‌ರ ಹೆಸರಿನಲ್ಲಿದೆ. ಸಿಡಿಲು ಬಡಿಯದಂತೆ ಜನ ಮೊರೆಯಿಡುವುದು ಈ ಸಂತರಿಗೆ. ಗುಡ್ಡದ ನೆತ್ತಿಯ ಮೇಲೆ ವಾಸಿಸುವವರಿಗೆ ತಕ್ಕ ಪಾಲಕರೇ ಸರಿ. ಕೆಳಗಿನ ಸಂತ ಮಾರ್ಟಿನರ ದೇವಾಲಯ 20ನೇ ಶತಮಾನದ್ದು. ಯೆಹೂದ್ಯರ ಪ್ರಾರ್ಥನಾ ಮಂದಿರವೂ ಇಲ್ಲಿದೆ. 1865ರಲ್ಲಿ ತೆರೆದ ಅದು ಬೆಲ್ಜಿಯಂನ ಅತಿ ಹಳೆಯವುಗಳಲ್ಲೊಂದು.

ಈಗ ಹೆಸರಿನ ವಿಷಯ. 1830ರಲ್ಲಿ ಬೆಲ್ಜಿಯಂ ಡಚ್ ಅರಸನ ಆಳ್ವಿಕೆಯನ್ನು ಕಿತ್ತೊಗೆಯಿತು. ಲಕ್ಸಂಬರ್ಗ್ ಸಂಸ್ಥಾನ ಯಾರಿಗೆ ಎಂಬ ಜಗಳ 1839ರ ಲಂಡನ್ ಒಪ್ಪಂದದವರೆಗೂ ನಡೆಯಿತು. ಕೊನೆಗೆ ಸಂಸ್ಥಾನವನ್ನೇ ಸೀಳಿದರು: ಪಶ್ಚಿಮ ಭಾಗ ಬೆಲ್ಜಿಯಂನ ಪ್ರಾಂತ್ಯವಾಯಿತು, ಪೂರ್ವ ಭಾಗ ಡಚ್ ಅರಸನ ಕೈಯಲ್ಲೇ ಉಳಿಯಿತು. ಗೆರೆ ಎಳೆದದ್ದು ಹೆಚ್ಚುಕಡಿಮೆ ಭಾಷೆ ನೋಡಿಯೇ. ಫ್ರೆಂಚ್ ಮಾತಿನವರು ಇತ್ತ, ಜರ್ಮನ್ ಬಗೆಯ ಲಕ್ಸಂಬರ್ಗಿಶ್ ಮಾತಿನವರು ಅತ್ತ. ಆದರೆ ಆರ್ಲಾನ್‌ಗೆ ಬಂದಾಗ ಗೆರೆ ಡೊಂಕಾಯಿತು. ಊರವರ ಮನೆಮಾತು ಲಕ್ಸಂಬರ್ಗಿಶ್. ಅವರು ತಮ್ಮ ಊರನ್ನು ಕರೆಯುತ್ತಿದ್ದುದೇ ಆರೆಲ್ ಎಂದು. ಆದರೆ ಇಲ್ಲಿಂದ ಫ್ರಾನ್ಸಿನ ಲಾಂಗ್ವಿ ಕೋಟೆಯತ್ತ ಹೋಗುವ ದಾರಿ ಜರ್ಮನ್ ಒಕ್ಕೂಟದ ಪಾಲಾಗುವುದು ಫ್ರಾನ್ಸಿಗೆ ಬೇಡವಾಗಿತ್ತು. ಹೀಗೆ ದಾರಿ ಗೆದ್ದಿತು, ಮಾತು ಸೋತಿತು.

ಆ ಸೋಲು ಒಂದೇ ದಿನದಲ್ಲಿ ಆದದ್ದಲ್ಲ. ಕಚೇರಿಯ ಭಾಷೆ ಫ್ರೆಂಚ್, ಶಾಲೆಯ ಭಾಷೆ ಫ್ರೆಂಚ್. 1914ರಲ್ಲಿ ಜರ್ಮನ್ ಸೈನ್ಯ ಇದೇ ಊರಿನಲ್ಲಿ, ಹತ್ತಿರದ ರೊಸಿನ್ಯೋಲ್ ಹಳ್ಳಿಯಿಂದ ಹಿಡಿದು ತಂದ ನೂರಕ್ಕೂ ಹೆಚ್ಚು ನಿರಪರಾಧಿಗಳನ್ನು ಗುಂಡಿಟ್ಟು ಕೊಂದಿತು. ಎರಡು ಯುದ್ಧಗಳ ನಂತರ, ಜರ್ಮನ್ನಿನಂತೆ ಕೇಳಿಸುವ ಮಾತನ್ನು ಮಕ್ಕಳಿಗೆ ಕಲಿಸಲು ಎಷ್ಟೋ ತಾಯಂದಿರಿಗೆ ಮನಸ್ಸು ಬರಲಿಲ್ಲ. ಅವರನ್ನು ದೂರುವುದಾದರೂ ಹೇಗೆ? 1990ರಲ್ಲಿ ಬೆಲ್ಜಿಯಂನ ಫ್ರೆಂಚ್ ಸಮುದಾಯ ಸ್ಥಳೀಯ ಭಾಷೆಗಳಿಗೆ ಮನ್ನಣೆ ನೀಡುವ ಹೊತ್ತಿಗೆ, ಅದನ್ನಾಡುವವರು ಬಹುಪಾಲು ಅಜ್ಜ ಅಜ್ಜಿಯರೇ.

ಗಡಿಯಾಚೆ ಕಥೆ ಬೇರೆ. ಅಲ್ಲಿ 1984ರಲ್ಲಿ ಅದೇ ಮಾತು ರಾಷ್ಟ್ರಭಾಷೆಯಾಯಿತು. ಸಂಬಳವೂ ಅಲ್ಲೇ ಹೆಚ್ಚು. ಬೆಳಗಾದರೆ ಆರ್ಲಾನ್‌ನ ಸಾವಿರಾರು ಮಂದಿ ರೈಲಿನಲ್ಲೋ ಕಾರಿನಲ್ಲೋ ಗಡಿ ದಾಟಿ ದುಡಿಯಲು ಹೋಗುತ್ತಾರೆ. ಅಲ್ಲಿನ ಕೆಲವು ಕೆಲಸಗಳಿಗೆ ಲಕ್ಸಂಬರ್ಗಿಶ್ ಗೊತ್ತಿರಲೇಬೇಕು. ಅಜ್ಜಿ ಅಡುಗೆಮನೆಯಲ್ಲಿ ಆಡುತ್ತಿದ್ದ ಮಾತನ್ನು ಮೊಮ್ಮಗ ಈಗ ಪರಭಾಷೆಯಂತೆ, ಪುಸ್ತಕ ಹಿಡಿದು ಮೊದಲಿನಿಂದ ಕಲಿಯಬೇಕು.