ಹೆಪ್ಪುಗಟ್ಟದ ಕೈಪಂಪು

ಹಳ್ಳಿಯ ಶಾಲೆಯ ಅಂಗಳದಲ್ಲೋ ದೇವಸ್ಥಾನದ ಎದುರಿನ ಬಯಲಿನಲ್ಲೋ ನಿಂತಿರುವ ಬೋರ್‌ವೆಲ್ ಕೈಪಂಪನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ಹೊಡೆತ ಹೊಡೆದರೆ ನೀರು. ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ ಮಾತ್ರ ಅದು ನಮಗೆ ಕೈಕೊಡುತ್ತದೆ. ಆದರೆ ಇದೇ ಪಂಪನ್ನು ಲಡಾಖಿನ ಲೇಹ್ ಪಟ್ಟಣದ ಬಳಿ ನೆಟ್ಟರೆ ತೊಂದರೆ ಬರುವುದು ಚಳಿಗಾಲದಲ್ಲಿ. ಬಾವಿಯಲ್ಲಿ ನೀರು ಇರುತ್ತದೆ, ಆದರೆ ಮೇಲೆ ಬರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಆ ಊರಿನಲ್ಲಿ ಜನವರಿ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ 15-20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಪರೂಪವಲ್ಲ. ಪಂಪಿನೊಳಗೆ ಉಳಿದ ನೀರು ಗಡ್ಡೆಗಟ್ಟುತ್ತದೆ, ಹಿಡಿಕೆ ಅಲುಗದು, ಕೆಲವೊಮ್ಮೆ ಕೊಳವೆಯೇ ಬಿರಿಯುತ್ತದೆ.

ಸುತ್ತ ಹಿಮವಿದೆಯಲ್ಲ, ಅದನ್ನೇ ಕರಗಿಸಿ ಕುಡಿಯಬಾರದೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಗುಪ್ತೋಷ್ಣ ಬೇಕು. ಅದನ್ನು ಮೊದಲು ಮೈನಸ್ 10 ಡಿಗ್ರಿಯಿಂದ ಶೂನ್ಯಕ್ಕೆ ತರಲು ಇನ್ನೂ 21 ಕಿಲೋಜೌಲ್. ಒಂದು ಕೊಡ, ಅಂದರೆ 20 ಲೀಟರ್ ನೀರಿಗೆ ಒಟ್ಟು ಸುಮಾರು 7,100 ಕಿಲೋಜೌಲ್ ಆಯಿತು. ಒಣ ಸೌದೆ ಕಿಲೋಗೆ ಸುಮಾರು 15,000 ಕಿಲೋಜೌಲ್ ಶಾಖ ಕೊಟ್ಟರೂ, ಸಾದಾ ಒಲೆಯಲ್ಲಿ ಅದರ ಆರನೆಯ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಆಗ ಒಂದು ಕೊಡ ನೀರಿಗೆ ಹತ್ತಿರ ಹತ್ತಿರ 3 ಕಿಲೋ ಸೌದೆ ಸುಡಬೇಕು. ಮರವೇ ವಿರಳವಾದ ನಾಡಿನಲ್ಲಿ ಇದು ಆಗುವ ಮಾತೇ? ಇಲ್ಲವಾದರೆ ಹೆಪ್ಪುಗಟ್ಟಿದ ಹೊಳೆಯ ಮೇಲ್ಪದರವನ್ನು ಒಡೆದು, ಕೊಡ ಹೊತ್ತು ಜಾರುವ ದಾರಿಯಲ್ಲಿ ಬರಬೇಕು. ಈ ಕೆಲಸ ಹೆಚ್ಚಾಗಿ ಬೀಳುವುದು ಮನೆಯ ಹೆಂಗಸರ ಮತ್ತು ಮಕ್ಕಳ ಪಾಲಿಗೆ. ಆದ್ದರಿಂದ ಹೆಪ್ಪುಗಟ್ಟದ ಪಂಪು ಎನ್ನುವುದು ಎಂಜಿನಿಯರರ ಕುತೂಹಲವಷ್ಟೇ ಅಲ್ಲ.

ಪರದೆಯ ಮೇಲೆ ಪಂಪನ್ನು ಬಿಚ್ಚಿ ತೋರಿಸುವುದು ಸುಲಭ. ಲೆಕ್ಕಕ್ಕೆ ಮಾತ್ರ ಕಾಗದವೇ ಬೇಕು. ಪೆನ್ಸಿಲ್ ಹಿಡಿದುಕೊಂಡು ಓದಿ.

ಶತ್ರುವಿನ ಬಲ

ಬಹುತೇಕ ದ್ರವಗಳು ಘನವಾಗುವಾಗ ಕುಗ್ಗುತ್ತವೆ. ನೀರು ಹಿಗ್ಗುತ್ತದೆ. ಅದರ ಗಾತ್ರ ಸುಮಾರು ನೂರಕ್ಕೆ 9ರಷ್ಟು ಹೆಚ್ಚುತ್ತದೆ. ಹಿಗ್ಗಲು ಜಾಗ ಕೊಡದೆ ಬಂಧಿಸಿಟ್ಟರೆ ಮೈನಸ್ 10 ಡಿಗ್ರಿಯ ಹೊತ್ತಿಗೆ ಅದು ಸಾವಿರ ವಾಯುಭಾರಕ್ಕೂ ಮೀರಿದ ಒತ್ತಡ ಹಾಕಬಲ್ಲದು. ಎರಕದ ಕಬ್ಬಿಣ ಈ ಒತ್ತಡಕ್ಕೆ ಬಾಗುವುದಿಲ್ಲ, ಸೀಳಿಬಿಡುತ್ತದೆ. ಕೊಳವೆಯನ್ನು ದಪ್ಪಗೊಳಿಸಿ ಗೆಲ್ಲುತ್ತೇವೆ ಎನ್ನುವುದು ಹಾಗಾಗಿ ವ್ಯರ್ಥ.

ಹಾಗಾದರೆ ಪಂಪಿಗೆ ಗೋಣಿಚೀಲ, ಹುಲ್ಲು, ಕಂಬಳಿ ಸುತ್ತಿದರೆ? ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈ ಸದಾ ಶಾಖ ಉತ್ಪಾದಿಸುತ್ತಿರುವುದರಿಂದ. ಪಂಪಿಗೆ ಅಂಥ ಶಾಖವಿಲ್ಲ. ಕಂಬಳಿ ತಂಪಾಗುವುದನ್ನು ಕೆಲವು ಗಂಟೆ ತಡ ಮಾಡಬಹುದು, ತಡೆಯಲಾರದು. ವಾರಗಟ್ಟಲೆ ಉಷ್ಣತೆ ಶೂನ್ಯಕ್ಕಿಂತ ಕೆಳಗಿರುವಲ್ಲಿ ಅದರಿಂದ ಪ್ರಯೋಜನವಿಲ್ಲ.

ಉಳಿದ ದಾರಿ ಒಂದೇ. ಚಳಿ ಮುಟ್ಟುವ ಜಾಗದಲ್ಲಿ ನೀರನ್ನೇ ನಿಲ್ಲಗೊಡಬಾರದು. ಬಳಸುವಾಗ ನೀರು ಇರಲಿ, ಬಳಸಿದ ಮೇಲೆ ತಾನಾಗಿ ಬಸಿದುಹೋಗಲಿ. ಇಡೀ ವಿನ್ಯಾಸ ಈ ಒಂದು ವಾಕ್ಯದಲ್ಲಿದೆ.

ಚಳಿ ಎಷ್ಟು ಆಳಕ್ಕೆ ಇಳಿಯುತ್ತದೆ?

ಮಣ್ಣು ಶಾಖವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ಹಗಲು-ರಾತ್ರಿಯ ಏರಿಳಿತ ಸಾಧಾರಣ ಮಣ್ಣಿನಲ್ಲಿ ಒಂದು ಗೇಣಿಗಿಂತ ಕಡಿಮೆ ಆಳದಲ್ಲೇ, ಸುಮಾರು 14 ಸೆಂಟಿಮೀಟರಿನಲ್ಲಿ, ಮೂರರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಬೇಸಿಗೆ-ಚಳಿಗಾಲದ ಏರಿಳಿತ ಇನ್ನೂ ಆಳಕ್ಕೆ ಹೋಗುತ್ತದೆ. ಎಷ್ಟು? ಇಲ್ಲಿ ಒಂದು ಸುಂದರ ನಿಯಮವಿದೆ. ಆಳವು ಆವರ್ತನ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ವರ್ಷವೆಂದರೆ ದಿನದ 365 ಪಟ್ಟು; 365ರ ವರ್ಗಮೂಲ ಸುಮಾರು 19. 14 ಸೆಂಟಿಮೀಟರನ್ನು 19ರಿಂದ ಗುಣಿಸಿ. 2.7 ಮೀಟರ್ ಬಂತಲ್ಲವೇ? ಅದಕ್ಕೂ ಕೆಳಗೆ ಹೋದಂತೆ ಭೂಮಿಯ ಉಷ್ಣತೆ ಆ ಊರಿನ ವರ್ಷದ ಸರಾಸರಿಯನ್ನು ಸಮೀಪಿಸುತ್ತದೆ. ಲೇಹ್‌ನಲ್ಲಿ ಆ ಸರಾಸರಿ ಶೂನ್ಯಕ್ಕಿಂತ ಕೆಲವು ಡಿಗ್ರಿ ಹೆಚ್ಚು. ಬಾವಿಯ ತಳದ ನೀರು ಹೆಪ್ಪುಗಟ್ಟದಿರುವುದು ಇದರಿಂದಲೇ.

ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಆಳ ಊರಿನಿಂದ ಊರಿಗೆ, ಮಣ್ಣಿನಿಂದ ಮಣ್ಣಿಗೆ ಬೇರೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಕಟ್ಟಡ ನಿಯಮಗಳಲ್ಲಿ ಅಡಿಪಾಯದ ಆಳ ದಕ್ಷಿಣ ಭಾಗಕ್ಕೆ 42 ಅಂಗುಲ, ಉತ್ತರ ಭಾಗಕ್ಕೆ 60 ಅಂಗುಲ, ಅಂದರೆ ಸುಮಾರು 1.1 ಮತ್ತು 1.5 ಮೀಟರ್ ಎಂದು ನಿಗದಿಯಾಗಿದೆ. ನಮ್ಮ ಲೆಕ್ಕಕ್ಕೆ 1.5 ಮೀಟರನ್ನೇ ಹಿಡಿಯೋಣ. ಉಕ್ಕಿನ ಕೊಳವೆ ಮಣ್ಣಿಗಿಂತ ಬೇಗ ಶಾಖವನ್ನು ಮೇಲಕ್ಕೆ ಕಳೆದುಕೊಳ್ಳುವುದರಿಂದ ಅರ್ಧ ಮೀಟರ್ ಹೆಚ್ಚುವರಿ ಸೇರಿಸಿ 2 ಮೀಟರ್ ಎನ್ನೋಣ.

ಎಳೆಯುವ ಪಂಪೋ, ಎತ್ತುವ ಪಂಪೋ?

ಕೈಪಂಪುಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪಿಸ್ಟನ್ ನೆಲದ ಮೇಲೆಯೇ ಇರುತ್ತದೆ. ಅದು ಕೊಳವೆಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಇಂಥ ಪಂಪು ಒಂದು ಮಿತಿಗಿಂತ ಮೇಲೆ ನೀರೆತ್ತದೆಂಬ ಸಂಗತಿಯನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಬರೆದಿದ್ದ. ಅದರ ಕಾರಣ ತಿಳಿದದ್ದು 1640ರ ದಶಕದಲ್ಲಿ ಟೊರಿಚೆಲ್ಲಿಯ ವಾಯುಭಾರ ಪ್ರಯೋಗದಿಂದ. ಸಮುದ್ರಮಟ್ಟದಲ್ಲಿ ಆ ಮಿತಿ 10.3 ಮೀಟರ್. ಲೇಹ್‌ನ ಎತ್ತರದಲ್ಲಿ ಗಾಳಿಯ ಒತ್ತಡ ಅದರ ನೂರಕ್ಕೆ 65ರಷ್ಟು ಮಾತ್ರ. ಹಾಗಾಗಿ ಮಿತಿ 6.7 ಮೀಟರಿಗೆ ಇಳಿಯುತ್ತದೆ. ಬಳಕೆಯಲ್ಲಿ ಸಿಗುವುದು ಇನ್ನೂ ಕಡಿಮೆ.

ಎರಡನೆಯದು ಎತ್ತುವ ಪಂಪು. ಇದರಲ್ಲಿ ಸಿಲಿಂಡರ್ ಮತ್ತು ಪಿಸ್ಟನ್ ಬಾವಿಯ ನೀರಿನೊಳಗೇ ಇರುತ್ತವೆ. ಮೇಲಿನ ಹಿಡಿಕೆಯಿಂದ ಉದ್ದನೆಯ ಸರಳು ಇಳಿದು ಪಿಸ್ಟನ್ನನ್ನು ಆಡಿಸುತ್ತದೆ. ನಮ್ಮ ಹಳ್ಳಿಗಳಲ್ಲಿರುವ ಇಂಡಿಯಾ ಮಾರ್ಕ್-2 ಇದೇ ಜಾತಿಯದು. ಸೋಲಾಪುರದಲ್ಲಿ ರೂಪುಗೊಂಡಿದ್ದ ಪಂಪನ್ನು ಆಧಾರವಾಗಿಟ್ಟುಕೊಂಡು, ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ನಮ್ಮ ದೇಶದಲ್ಲೇ ಅಭಿವೃದ್ಧಿಪಡಿಸಿದ ಪಂಪು ಇದು. ಇದರ ಸಿಲಿಂಡರಿನ ಒಳವ್ಯಾಸ 63.5 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 125 ಮಿಲಿಮೀಟರ್. ಒಂದು ಹೊಡೆತಕ್ಕೆ ಎಷ್ಟು ನೀರು? ಸಿಲಿಂಡರಿನ ಗಾತ್ರದ ಸೂತ್ರ ಹಾಕಿ. ಸುಮಾರು 0.4 ಲೀಟರ್ ಬರುತ್ತದೆ. ನಿಮಿಷಕ್ಕೆ 40 ಹೊಡೆತ ಹೊಡೆದರೆ 16 ಲೀಟರ್.

ನಮಗೆ ಬೇಕಾದದ್ದು ಈ ಎರಡನೆಯ ಬಗೆ. ಅದು ಆಳದಿಂದ ಎತ್ತುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ಮುಖ್ಯ. ಎಳೆಯುವ ಪಂಪಿನ ಕೊಳವೆಯೊಳಗೆ ಒತ್ತಡ ಹೊರಗಿಗಿಂತ ಕಡಿಮೆ. ಅದರಲ್ಲಿ ತೂತು ಕೊರೆದರೆ ಗಾಳಿ ಒಳಗೆ ನುಗ್ಗಿ ಪಂಪೇ ಕೆಡುತ್ತದೆ. ಎತ್ತುವ ಪಂಪಿನ ಏರುಕೊಳವೆಯಲ್ಲಿ ಒತ್ತಡ ಹೊರಗಿಗಿಂತ ಹೆಚ್ಚು. ಅಲ್ಲಿ ತೂತು ಕೊರೆದರೆ ನೀರು ಸ್ವಲ್ಪ ಹೊರಗೆ ಸೋರುತ್ತದೆ, ಅಷ್ಟೆ. ಈ ಸೋರಿಕೆಯೇ ನಮ್ಮ ಉಪಾಯ.

ಒಂದು ಚಿಕ್ಕ ತೂತು

ಸಾಧಾರಣ ಪಂಪಿನಲ್ಲಿ ತಳದ ವಾಲ್ವ್ ನೀರನ್ನು ಹಿಡಿದಿಡುತ್ತದೆ. ಪಂಪು ಹೊಡೆಯುವುದನ್ನು ನಿಲ್ಲಿಸಿದ ಮೇಲೂ ಏರುಕೊಳವೆ ಬಾಯಿಯವರೆಗೆ ತುಂಬಿರುತ್ತದೆ. ಮೊದಲ ಹೊಡೆತಕ್ಕೇ ನೀರು ಬರುವುದು ಇದರಿಂದ. ಈಗ ನೆಲದಿಂದ 2 ಮೀಟರ್ ಕೆಳಗೆ ಏರುಕೊಳವೆಗೆ ಒಂದು ಸಣ್ಣ ತೂತು ಕೊರೆಯೋಣ. ಪಂಪು ನಿಂತೊಡನೆ ತೂತಿನ ಮೇಲಿರುವ ನೀರು ಬಸಿದು, ಕೇಸಿಂಗ್ ಕೊಳವೆಯೊಳಗಿನಿಂದಲೇ ಬಾವಿಗೆ ಹಿಂತಿರುಗುತ್ತದೆ. ತೂತಿನ ಕೆಳಗಿನ ನೀರು ಅಲ್ಲೇ ಉಳಿಯುತ್ತದೆ. ಅಲ್ಲಿ ಹೆಪ್ಪುಗಟ್ಟುವ ಭಯವಿಲ್ಲ.

ತೂತು ಎಷ್ಟು ದೊಡ್ಡದಿರಬೇಕು? ತೂತಿನಿಂದ ನಲ್ಲಿಯ ಮೂತಿಯವರೆಗೆ 2.5 ಮೀಟರ್ ಎಂದುಕೊಳ್ಳಿ. ಸರಳಿನ ಜಾಗ ಕಳೆದು ಕೊಳವೆಯ ಅಡ್ಡಕೊಯ್ತ ಸುಮಾರು 9 ಚದರ ಸೆಂಟಿಮೀಟರ್. ಬಸಿಯಬೇಕಾದ ನೀರು ಸುಮಾರು ಎರಡೂಕಾಲು ಲೀಟರ್. ತೂತಿನ ವ್ಯಾಸ 3 ಮಿಲಿಮೀಟರ್ ಇದ್ದರೆ, ಟೊರಿಚೆಲ್ಲಿಯ ನಿಯಮದ ಪ್ರಕಾರ ಇಷ್ಟು ನೀರು ಎರಡೂವರೆ ನಿಮಿಷದಲ್ಲಿ ಖಾಲಿಯಾಗುತ್ತದೆ. ಆದರೆ ಪಂಪು ಹೊಡೆಯುತ್ತಿರುವಾಗಲೂ ಆ ತೂತು ನಿಮಿಷಕ್ಕೆ 1.8 ಲೀಟರ್ ಸೋರಿಸುತ್ತದೆ. ಅಂದರೆ ಒಂಬತ್ತು ಹೊಡೆತದಲ್ಲಿ ಒಂದು ವ್ಯರ್ಥ. ವ್ಯಾಸವನ್ನು ಅರ್ಧಕ್ಕೆ ಇಳಿಸಿ 1.5 ಮಿಲಿಮೀಟರ್ ಮಾಡಿದರೆ ತೂತಿನ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಸೋರಿಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ. ಬಸಿಯಲು ಬೇಕಾದದ್ದು 10 ನಿಮಿಷ. ಕೊಳವೆಯಲ್ಲಿನ ನೀರು 10 ನಿಮಿಷದಲ್ಲಿ ಗಡ್ಡೆಗಟ್ಟುವುದಿಲ್ಲವಾದ್ದರಿಂದ ಇದೇ ಮೇಲೆಂದು ತೋರುತ್ತದೆ. ಆದರೆ ಇಷ್ಟು ಸಣ್ಣ ತೂತು ತುಕ್ಕಿನಿಂದ ಬೇಗ ಮುಚ್ಚಿಹೋಗಬಹುದು. ಹಾಗಾಗಿ ಎರಡರ ನಡುವಿನ ಅಳತೆ ಆರಿಸಿ, ತೂತಿಗೆ ತುಕ್ಕು ಹಿಡಿಯದ ಹಿತ್ತಾಳೆಯ ಬಳೆ ಕೂರಿಸುವುದು ಜಾಣತನ. ವಿನ್ಯಾಸವೆಂದರೆ ಹೀಗೆಯೇ. ಒಂದು ಕಡೆ ಪಡೆದರೆ ಇನ್ನೊಂದು ಕಡೆ ಸ್ವಲ್ಪ ಬಿಟ್ಟುಕೊಡಬೇಕು.

ತೂತು ಕೊರೆಯುವ ಬದಲು ತಳದ ವಾಲ್ವನ್ನೇ ಸೋರುವಂತೆ ಮಾಡಿದರೆ? ನೀರಿನ ಮಟ್ಟ 30 ಮೀಟರ್ ಕೆಳಗಿದ್ದರೆ ಇಡೀ ಕೊಳವೆಯ 27 ಲೀಟರ್ ನೀರು ಇಳಿದುಹೋಗುತ್ತದೆ. ಮರುದಿನ ನೀರು ಕಾಣಲು ಸುಮಾರು 68 ಹೊಡೆತ ಬೇಕು. ನಮ್ಮ ತೂತಿನ ಪಂಪಿಗೆ ಬೇಕಾದದ್ದು ಆರೇ ಹೊಡೆತ. ವಯಸ್ಸಾದ ಅಜ್ಜಿಯೊಬ್ಬರು ಮುಂಜಾನೆ ಕೊಡ ಹಿಡಿದು ನಿಂತಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಮರೆಯಬಾರದ ನಾಲ್ಕು ಮಾತು

ಒಂದು, ಗಾಳಿ. ನೀರು ಕೆಳಗೆ ಬಸಿಯಬೇಕಾದರೆ ಮೇಲಿನಿಂದ ಗಾಳಿ ಒಳಬರಬೇಕು. ಪ್ಲಾಸ್ಟಿಕ್ ಬಾಟಲಿಯ ತಳದ ಬದಿಗೆ ಸೂಜಿಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ಬಿಗಿಮಾಡಿ. ನೀರು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿ, ಹರಿಯುತ್ತದೆ. ಪಂಪಿನ ಮೂತಿ ಯಾವಾಗಲೂ ತೆರೆದಿರಬೇಕೆಂಬುದಕ್ಕೆ ಇದೇ ಸಾಕ್ಷಿ.

ಎರಡು, ಗುಳಿಗಳು. ಪಂಪಿನ ತಲೆಯೊಳಗೆ ನೀರು ನಿಲ್ಲುವ ಯಾವ ಮೂಲೆಯೂ ಇರಕೂಡದು. ಎಲ್ಲ ಮೇಲ್ಮೈಗಳೂ ಮೂತಿಯ ಕಡೆಗೋ ಕೊಳವೆಯ ಕಡೆಗೋ ಇಳಿಜಾರಾಗಿರಬೇಕು. ಒಂದು ಲೋಟದಷ್ಟು ನೀರು ಉಳಿದರೂ ಸರಳನ್ನು ಹಿಡಿದು ನಿಲ್ಲಿಸೀತು.

ಮೂರು, ಶುಚಿತ್ವ. ಬಸಿದ ನೀರು ಕೇಸಿಂಗ್ ಒಳಗೇ ಇಳಿಯಬೇಕು, ಹೊರಗಿನ ಮಣ್ಣಿಗಲ್ಲ. ಮಣ್ಣಿಗೆ ತೆರೆದರೆ ಕೊಳೆನೀರು ಬಾವಿಗೆ ಇಳಿಯುವ ದಾರಿಯನ್ನು ನಾವೇ ಮಾಡಿಕೊಟ್ಟಂತಾಗುತ್ತದೆ. ಕೇಸಿಂಗಿನ ಬಾಯಿಯನ್ನೂ ಮುಚ್ಚಬೇಕು. ತಣ್ಣನೆಯ ಗಾಳಿ ಭಾರ. ಬಾಯಿ ತೆರೆದಿದ್ದರೆ ಅದು ಬಾವಿಯೊಳಗೆ ಇಳಿದು, ನಮ್ಮ 2 ಮೀಟರಿನ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ನಾಲ್ಕು, ಕಟ್ಟೆ. ತೇವದ ಮಣ್ಣು ಹೆಪ್ಪುಗಟ್ಟಿದಾಗ ಉಬ್ಬಿ ಕಾಂಕ್ರೀಟನ್ನೇ ಮೇಲಕ್ಕೆ ಎತ್ತುತ್ತದೆ. ಕಟ್ಟೆಯ ಕೆಳಗೆ ನೀರು ನಿಲ್ಲದಂತೆ ಜಲ್ಲಿ ಹಾಕಬೇಕು, ಪಂಪಿನ ಕಾಲುಗಳ ಅಡಿಪಾಯವನ್ನು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಳಿಸಬೇಕು. ಚೆಲ್ಲಿದ ನೀರು ಬೇಗ ದೂರ ಹರಿಯುವಂತಿರಬೇಕು. ಇಲ್ಲದಿದ್ದರೆ ಪಂಪು ಚೆನ್ನಾಗಿದ್ದರೂ ನೀರಿಗೆ ಬಂದವರು ಜಾರಿ ಬೀಳುತ್ತಾರೆ.

ಹೊಡೆತ ಎಣಿಸಿ, ರೋಗ ಹೇಳಿ

ಈ ಪಂಪಿನ ದೊಡ್ಡ ಅಪಾಯ ಚಳಿಯಲ್ಲ, ತಪ್ಪು ತಿಳಿವಳಿಕೆ. ಕೊಳವೆಯಲ್ಲಿ ಸೋರುವ ತೂತು ಕಂಡರೆ ರಿಪೇರಿಗೆ ಬಂದವರು ಅದನ್ನು ಮುಚ್ಚಿ ಉಪಕಾರ ಮಾಡಿದೆವೆಂದುಕೊಳ್ಳಬಹುದು. ಮೊದಲ ಚಳಿಯ ರಾತ್ರಿಗೇ ಪಂಪು ಸೀಳುತ್ತದೆ. ಆದ್ದರಿಂದ ತೂತು ಏಕಿದೆ ಎಂಬುದು ಊರಿಗೆಲ್ಲ ಗೊತ್ತಿರಬೇಕು. ಅದು ಸರಿಯಾಗಿದೆಯೇ ಎಂದು ತಿಳಿಯಲು ಪಂಪು ಬಿಚ್ಚುವುದೂ ಬೇಡ. ಚಳಿಗಾಲಕ್ಕೆ ಮೊದಲೇ ಒಂದು ದಿನ ಚೆನ್ನಾಗಿ ನೀರು ಹೊಡೆದು, ಕಾಲು ಗಂಟೆ ಬಿಟ್ಟು, ಮತ್ತೆ ಹೊಡೆಯುತ್ತ ಎಣಿಸಬೇಕು. ಆರೇಳು ಹೊಡೆತಕ್ಕೆ ನೀರು ಬಂದರೆ ಎಲ್ಲ ಸರಿ. ಮೊದಲ ಹೊಡೆತಕ್ಕೇ ಬಂದರೆ ತೂತು ಮುಚ್ಚಿಹೋಗಿದೆ, ಕೂಡಲೇ ಬಿಡಿಸಬೇಕು. ಮೂವತ್ತು, ಐವತ್ತು ಹೊಡೆದರೂ ಬಾರದಿದ್ದರೆ ತಳದ ವಾಲ್ವ್ ಸೋರುತ್ತಿದೆ. ಉಪಕರಣವೂ ಬೇಡ, ಖರ್ಚೂ ಇಲ್ಲ. ಎಣಿಸಲು ಬರುವ ಒಬ್ಬ ಹುಡುಗಿಯೋ ಹುಡುಗನೋ ಇದ್ದರೆ ಸಾಕು.

ನಿಮಗೊಂದು ಕೆಲಸ. ನೆಲ ಹೆಪ್ಪುಗಟ್ಟುವ ಆಳ 2.5 ಮೀಟರ್ ಇರುವ ಊರಿಗೆ ಇದೇ ಪಂಪನ್ನು ಹೊಂದಿಸಿ. ತೂತು ಎಲ್ಲಿರಬೇಕು, ಎಷ್ಟು ನೀರು ಬಸಿಯಬೇಕು, ಮರುದಿನ ಬೆಳಿಗ್ಗೆ ಎಷ್ಟು ಹೊಡೆತಕ್ಕೆ ನೀರು ಬಂದೀತು? ಮೇಲಿನ ಅಂಕಿಗಳೆಲ್ಲ ನಿಮ್ಮ ಮುಂದಿವೆ.