ಮುದಿ ಕಂಪ್ಯೂಟರಿಗೆ ಕರೆಂಟಿನ ಕಾಟ: ತಪ್ಪಿಸುವುದು ಹೇಗೆ?

2013ರ ಏಪ್ರಿಲ್. ಸಂಜೆ ಗಾಳಿಮಳೆ ಬಂದು ನಿಂತಿತ್ತು. ಚಾವಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ತೋಟದ ಲೆಕ್ಕ ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಬಲ್ಬು ಕಣ್ಣು ಕೋರೈಸುವಂತೆ ಉರಿಯಿತು. ಫ್ಯಾನು ಕಿತ್ತು ಹಾರುವ ಹಾಗೆ ತಿರುಗಿತು. ಎದ್ದು ಮೈನ್ ಸ್ವಿಚ್ಚಿನ ಹತ್ತಿರ ಓಡುವುದರೊಳಗೆ ಹಿಂದಿನಿಂದ ‘ಟಪ್’ ಅಂತ ಸದ್ದು. ಜೊತೆಗೆ ಸುಟ್ಟ ವಾಸನೆ. ಪರದೆ ಕಪ್ಪಾಯಿತು.

ಆಮೇಲೆ ನೋಡಿದರೆ, ತೆಂಗಿನ ಮಡಲು ಬಿದ್ದು ಕಂಬದ ನ್ಯೂಟ್ರಲ್ ತಂತಿ ತುಂಡಾಗಿತ್ತು.

ಕಂಪ್ಯೂಟರು 1996ರಲ್ಲಿ ಕೊಂಡ 486. ಪೇಟೆಯಲ್ಲಿ ಗುಜರಿಗೆ ಹಾಕಿದರೆ ನೂರು ರೂಪಾಯಿ ಸಿಕ್ಕಿದರೆ ಹೆಚ್ಚು. ಆದರೆ ನನಗೆ ಎದೆ ಒಡೆದಂತಾಯ್ತು. ಕಾರಣ ಇದೆ. ಅಪ್ಪ 1978ರಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಅದನ್ನೆಲ್ಲ ನಾನೇ ಟೈಪ್ ಮಾಡಿ ಸೇರಿಸಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಟ್ಟದಲ್ಲಿದ್ದ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಹಾಗಾಗಿ ಆ ಮಳೆ ಲೆಕ್ಕ ಉಳಿದಿದ್ದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ!

ಪುಣ್ಯಕ್ಕೆ ಒಳಗಿನ ಫ್ಯೂಸು ಹಾರಿ ಹಾರ್ಡ್ ಡಿಸ್ಕ್ ಬದುಕಿತು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಸರಿಮಾಡಿ ಕೊಟ್ಟರು. “ಮಾರಾಯ್ರೇ, ಇದು ಪ್ರಾಯ ಆಗಿ ಸತ್ತದ್ದಲ್ಲ, ನಿಮ್ಮ ಕರೆಂಟು ಕೊಂದದ್ದು” ಎಂದರು. ಅವರಿಂದ ಕಲಿತದ್ದು, ಆಮೇಲೆ ನಾನೇ ಮಾಡಿ ನೋಡಿದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ. ಹಳೇ ಕಂಪ್ಯೂಟರು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಇನ್ನೂ ಮನೆಯಲ್ಲಿ ಇಟ್ಟುಕೊಂಡವರಿಗೆ ಉಪಯೋಗ ಆದೀತು.

ಒಳಗೆ ಏನಿದೆ?

ಕಂಪ್ಯೂಟರಿನ ಹಿಂಬದಿ ಫ್ಯಾನ್ ಇರುವ ತಗಡಿನ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಮನೆಯ 230 ವೋಲ್ಟನ್ನು 5 ವೋಲ್ಟ್, 12 ವೋಲ್ಟಿಗೆ ಇಳಿಸಿ ಕೊಡುವುದು ಇದರ ಕೆಲಸ. ಕರೆಂಟಿನ ಏಟು ಮೊದಲು ಬೀಳುವುದು ಇದರ ಮೇಲೆ.

ಬಂದ ಕರೆಂಟು ಇಲ್ಲಿ ಮೊದಲು ಡಿಸಿ ಆಗುತ್ತದೆ. 230 ವೋಲ್ಟ್ ಎಸಿ ಅಂದರೆ ಡಿಸಿಯಲ್ಲಿ ಸುಮಾರು 325 ವೋಲ್ಟ್. ಹಳೇ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಎರಡು ದೊಡ್ಡ ಕೆಪಾಸಿಟರುಗಳು ಈ ಭಾರ ಹಂಚಿಕೊಳ್ಳುತ್ತವೆ. ಒಂದೊಂದರ ತಾಕತ್ತು 200 ವೋಲ್ಟ್. ಮಾಮೂಲಿ ದಿನ ತಲಾ 162 ವೋಲ್ಟ್ ಹೊರುತ್ತವೆ. ಮನೆಯ ವೋಲ್ಟೇಜು 260ಕ್ಕೆ ಏರಿದರೆ ತಲಾ 184 ಆಯಿತು. 290ಕ್ಕೆ ಹೋದರೆ 205. ಅಲ್ಲಿಗೆ ಮಿತಿ ದಾಟಿತು. ನಡುರಾತ್ರಿ ಪಂಪುಗಳೆಲ್ಲ ನಿಂತ ಮೇಲೆ ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಏರುವುದು ನಮಗೆ ಹೊಸತೇನಲ್ಲ.

ಈ ಕೆಪಾಸಿಟರಿನೊಳಗೆ ದ್ರವ ಇರುತ್ತದೆ. ಬಿಸಿಗೆ ಅದು ನಿಧಾನಕ್ಕೆ ಆರುತ್ತದೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧ ಎಂಬುದು ಈ ಕಸುಬಿನವರ ಲೆಕ್ಕ. 25-30 ವರ್ಷ ಕಳೆದ ಮೇಲೆ ಹೊಸತರ ತಾಕತ್ತು ಎಲ್ಲಿಂದ ಬರಬೇಕು?

ಇನ್ನೂ ಹಳೆಯವುಗಳಲ್ಲಿ ಮತ್ತೊಂದು ತೊಂದರೆ. 1984ರ ನಂತರ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರು ಬಂದಿತ್ತು. ಅದರ ಪವರ್ ಡಬ್ಬಿಯಲ್ಲಿ, ಕರೆಂಟು ಒಳಬರುವಲ್ಲಿ, ಕಾಗದ ಸುತ್ತಿದ ಕೆಪಾಸಿಟರು ಇತ್ತು. ಇದರ ಹೊರಕವಚ ವರ್ಷ ಕಳೆದಂತೆ ಸಣ್ಣಗೆ ಬಿರಿಯುತ್ತದೆ. ಬಿರುಕಿನಲ್ಲಿ ತೇವ ಹೋಗುತ್ತದೆ. ಮುಂದೊಂದು ದಿನ ಸ್ವಿಚ್ ಹಾಕಿದಾಗ ಕೋಣೆ ತುಂಬ ಹೊಗೆ! ಅಂಥದ್ದು ಯಾರಲ್ಲಾದರೂ ಇದ್ದರೆ ಮೊದಲು ಆ ಬಿಡಿಭಾಗ ಬದಲಿಸಿ, ಆಮೇಲೆ ಸ್ವಿಚ್ ಹಾಕಿ.

ಶತ್ರುಗಳು ನಾಲ್ಕು

1. ನ್ಯೂಟ್ರಲ್ ತುಂಡಾಗುವುದು. ಕಂಬದಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್. ನ್ಯೂಟ್ರಲ್ ಹೋದರೆ ಲೋಡು ಕಡಿಮೆ ಇರುವ ಮನೆಗೆ 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ನಮ್ಮಲ್ಲಿ ಆದದ್ದು ಇದೇ.

2. ಸಿಡಿಲು. ಕರೆಂಟಿನ ತಂತಿಯಲ್ಲೂ ಬರುತ್ತದೆ, ಫೋನಿನ ತಂತಿಯಲ್ಲೂ ಬರುತ್ತದೆ. ಮೋಡೆಮ್ ಮೂಲಕ ಇಡೀ ಕಂಪ್ಯೂಟರು ಸುಟ್ಟ ಮನೆಗಳಿವೆ.

3. ಹೋಗಿ ಬರುವ ಕರೆಂಟು. ಒಮ್ಮೆ ಹೋದ ಕರೆಂಟು ಬರುವಾಗ ನೆಟ್ಟಗೆ ಬರುವುದಿಲ್ಲ. ಬಂತು, ಹೋಯ್ತು, ಮತ್ತೆ ಬಂತು ಅಂತ ಎರಡು ಮೂರು ಸಲ ಕುಣಿಯುತ್ತದೆ. ಊರಿನ ಪಂಪುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಆ ಏರಿಳಿತ ಪೂರಾ ಕಂಪ್ಯೂಟರಿಗೆ.

4. ಕಡಿಮೆ ವೋಲ್ಟೇಜು. ವೋಲ್ಟೇಜು ಇಳಿದರೆ ಪಂಪಿನ ಮೋಟರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಎಸ್‌ಎಂಪಿಎಸ್ ಕೂಡ ಹಾಗೆಯೇ. ಕೂಡಲೇ ಸಾಯುವುದಿಲ್ಲ. ಬಿಸಿಯಾಗಿ ಸವೆಯುತ್ತದೆ.

ಕಾಸು ಖರ್ಚಿಲ್ಲದ ಕ್ರಮಗಳು

ಮೊದಲನೆಯದು: ಕೆಲಸ ಮುಗಿದ ಮೇಲೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲಿಗೆ ಸ್ವಿಚ್ಚಿನ ಎರಡು ಮಿಲಿಮೀಟರ್ ಸಂದು ದಾಟುವುದು ದೊಡ್ಡದಲ್ಲ. ಫೋನಿನ ತಂತಿ ಇದ್ದರೆ ಅದನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ, ಆಗ ನಿಮ್ಮ ಜೀವಕ್ಕೇ ಅಪಾಯ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ ಮಧ್ಯಾಹ್ನದ ಊಟಕ್ಕೆ ಏಳುವಾಗಲೇ ಕಿತ್ತಿಡುವುದು ಕ್ಷೇಮ.

ಎರಡನೆಯದು: ಕರೆಂಟು ಹೋದ ಕೂಡಲೇ ಸ್ವಿಚ್ ಆಫ್ ಮಾಡಿ. ಬಂದ ಮೇಲೆ ಐದು ನಿಮಿಷ ಕಾಯಿರಿ. ಜನರೇಟರ್ ಇದ್ದವರು ಮೊದಲು ಅದನ್ನು ಚಾಲೂ ಮಾಡಿ, ಓಟ ಸರಿಯಾದ ಮೇಲೆ ಕಂಪ್ಯೂಟರ್ ಹಾಕಿ. ನಿಲ್ಲಿಸುವಾಗ ಮೊದಲು ಕಂಪ್ಯೂಟರ್, ಆಮೇಲೆ ಜನರೇಟರ್.

ಮೂರನೆಯದು: ಪ್ರಿಂಟರಿನ ಕೇಬಲ್ ಹಾಕುವಾಗ, ತೆಗೆಯುವಾಗ ಎರಡೂ ಯಂತ್ರ ಆಫ್ ಇರಲಿ. ಇಲ್ಲವಾದರೆ ಪೋರ್ಟ್ ಸುಡುತ್ತದೆ.

ನಾಲ್ಕನೆಯದು: 1990ರ ದಶಕದ ಕೊನೆಯಿಂದ ಬಂದ ‘ಎಟಿಎಕ್ಸ್’ ಮಾದರಿಗಳು ಆಫ್ ಆದಂತೆ ಕಂಡರೂ ಒಳಗೊಳಗೆ 5 ವೋಲ್ಟ್ ಓಡುತ್ತಿರುತ್ತದೆ. ಹಗಲೂ ರಾತ್ರಿ ಸವೆತ. ಗೋಡೆಯಲ್ಲಿಯೇ ಆಫ್ ಮಾಡಿ.

ಐದನೆಯದು: ವರ್ಷಕ್ಕೊಮ್ಮೆ, ಪ್ಲಗ್ ಕಿತ್ತು, ಫ್ಯಾನಿನ ಧೂಳನ್ನು ಬ್ರಶ್ಶಿನಿಂದ ತೆಗೆಯಿರಿ. ತಂಪು ಇದ್ದಷ್ಟು ಆಯುಷ್ಯ ಹೆಚ್ಚು. ಇರುವೆ, ಹಲ್ಲಿ ಪಂಪಿನ ಸ್ಟಾರ್ಟರಿಗೆ ಮಾತ್ರ ನುಗ್ಗುವುದಲ್ಲ. ಕಂಪ್ಯೂಟರಿನ ಹಿಂದಿನ ತೆರೆದ ಕಿಂಡಿಗಳಿಗೂ ಜಾಲರಿ ಬೇಕು.

ಅರ್ಥಿಂಗ್ ಇದೆಯಾ?

ಕಂಪ್ಯೂಟರಿನ ತಗಡು ಮುಟ್ಟಿದಾಗ ಕೈ ಜುಂ ಎನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಎಸ್‌ಎಂಪಿಎಸ್ಸಿನ ಒಳಗೆ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ತಗಡಿಗೆ ಪುಟ್ಟ ಕೆಪಾಸಿಟರುಗಳಿರುತ್ತವೆ. ಅರ್ಥ್ ಇಲ್ಲದಿದ್ದರೆ ತಗಡಿನ ಮೇಲೆ ಅರ್ಧ ವೋಲ್ಟೇಜು, ಅಂದರೆ 115 ವೋಲ್ಟ್ ನಿಲ್ಲುತ್ತದೆ. ಬಲ ಕಡಿಮೆ, ಆದರೆ ಪ್ರಿಂಟರಿನ ಪೋರ್ಟ್ ಸುಡಲು ಅಷ್ಟು ಸಾಕು.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವ ಅಭ್ಯಾಸ ಬಿಟ್ಟುಬಿಡಿ. ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ವರ್ಷಗಟ್ಟಲೆ ಮರೆತಿದ್ದರೆ ಬೇಸಿಗೆಯಲ್ಲಿ ಅದು ಒಣಗಿ ಕೆಲಸ ಮಾಡುವುದಿಲ್ಲ. ಡಿಸೆಂಬರಿನಿಂದ ಮೇ ತನಕ ವಾರಕ್ಕೊಮ್ಮೆ ಒಂದು ಕೊಡ ನೀರು ಹೊಯ್ಯಿರಿ. ಬಲ್ಬು ಕಟ್ಟಿ ಅರ್ಥ್ ಪರೀಕ್ಷೆ ಮಾಡುವ ಸಾಹಸ ನಾವು ಮಾಡಬಾರದು. ವಯರ್‌ಮನ್ ಹತ್ತಿರ ಅರ್ಥ್ ಟೆಸ್ಟರಿನಿಂದ ನೋಡಿಸಿ.

ದುಡ್ಡು ಹಾಕುವುದಾದರೆ

ಸ್ಟೆಬಿಲೈಸರ್ ಕೊಳ್ಳುವಾಗ ‘ವೋಲ್ಟೇಜು ಮಿತಿ ಮೀರಿದರೆ ಕಟ್ ಆಗುತ್ತದೆಯೇ, ಮತ್ತೆ ಹಾಕುವ ಮೊದಲು ಕಾಯುತ್ತದೆಯೇ?’ ಎಂದು ಕೇಳಿ. ಇವೆರಡೂ ಇಲ್ಲದಿದ್ದರೆ ಬೇಡ. ನ್ಯೂಟ್ರಲ್ ತುಂಡಾದಾಗ ಕಾಪಾಡುವುದು ಈ ಕಟ್ ಮಾತ್ರ.

ಸ್ಪೈಕ್ ಬಸ್ಟರ್ ಹಾಕಿದ್ದೇನೆ, ಚಿಂತೆ ಇಲ್ಲ ಎನ್ನುವವರಿದ್ದಾರೆ. ಅದರೊಳಗೆ ಎಂಒವಿ ಎಂಬ ಬಿಲ್ಲೆ ಇರುತ್ತದೆ. ಕ್ಷಣಮಾತ್ರದ ಏಟನ್ನು ಅದು ನುಂಗುತ್ತದೆ. ಪ್ರತಿ ಏಟಿಗೂ ಸ್ವಲ್ಪ ಸವೆಯುತ್ತದೆ. ಪೂರಾ ಸವೆದ ಮೇಲೂ ಎಷ್ಟೋ ಬೋರ್ಡುಗಳಲ್ಲಿ ಕೆಂಪು ದೀಪ ಉರಿಯುತ್ತಲೇ ಇರುತ್ತದೆ! ನ್ಯೂಟ್ರಲ್ ಹೋದಾಗಿನಂತೆ ನಿಮಿಷಗಟ್ಟಲೆ ಬರುವ ಹೈ ವೋಲ್ಟೇಜನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಯುಪಿಎಸ್ ಇದ್ದರೆ ಬರೆಯುತ್ತಿದ್ದದ್ದನ್ನು ಉಳಿಸಿ ಆಫ್ ಮಾಡಲು ಸಮಯ ಸಿಗುತ್ತದೆ. ಹಾರ್ಡ್ ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಕೆಡುತ್ತದೆ. ಯುಪಿಎಸ್ ಇದೆ ಅಂತ ಕೆಲಸ ಮುಂದುವರಿಸಬೇಡಿ, ಮುಗಿಸಿ. ಫ್ಯೂಸ್ ಹೋದಲ್ಲಿ ಕೈಗೆ ಸಿಕ್ಕ ದಪ್ಪ ತಂತಿ ಸುತ್ತುವುದು ಮಾತ್ರ ಖಂಡಿತ ಬೇಡ. ನನ್ನ ಡಿಸ್ಕನ್ನು ಉಳಿಸಿದ್ದು ಆ ಎರಡು ರೂಪಾಯಿಯ ಫ್ಯೂಸು.

ವರ್ಷಗಟ್ಟಲೆ ಮಲಗಿದ್ದನ್ನು ಎಬ್ಬಿಸುವಾಗ

ಅಟ್ಟದಿಂದ ಇಳಿಸಿದ ಕೂಡಲೇ ಸ್ವಿಚ್ ಹಾಕುವುದೇ ಹೆಚ್ಚಿನವರು ಮಾಡುವ ತಪ್ಪು. “ಮುದಿ ಎತ್ತನ್ನು ಹಟ್ಟಿಯಿಂದ ಎಬ್ಬಿಸಿ ನೇರ ನೊಗಕ್ಕೆ ಕಟ್ತೀರಾ?” ಎಂದು ನಮ್ಮ ರೇಡಿಯೋ ಹಿರಿಯರು ಕೇಳಿದ್ದರು. ಬಳಸದೆ ಇಟ್ಟರೆ ಕೆಪಾಸಿಟರಿನ ಒಳಪದರ ದುರ್ಬಲವಾಗಿರುತ್ತದೆ.

ಮೊದಲು ಎರಡು ಮೂರು ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿಟ್ಟು ತೇವ ಆರಿಸಿ. ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ 230ರಲ್ಲೇ ಇದೆಯೇ ನೋಡಿ. ಮಕ್ಕಳ ಕೈ ತಾಗಿ 115ಕ್ಕೆ ಸರಿದಿದ್ದರೆ ಕರೆಂಟು ಕೊಟ್ಟ ಕ್ಷಣ ಢಂ!

ಆಮೇಲೆ ರಿಪೇರಿ ಬಲ್ಲವರಿಂದ ಎಸ್‌ಎಂಪಿಎಸ್ಸನ್ನು ಬೋರ್ಡಿನಿಂದ ಬಿಡಿಸಿ, 100 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಪರೀಕ್ಷೆ ಮಾಡಿಸಿ. ಹಳೇ ತಂತಿಯ ಬಲ್ಬೇ ಬೇಕು, ಎಲ್‌ಇಡಿ ಆಗದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಸರಿಯಿದ್ದರೆ ಬಲ್ಬು ತೆಗೆದು, ಹಾಳಾದ ಹಾರ್ಡ್ ಡಿಸ್ಕನ್ನೋ ವಾಹನದ 12 ವೋಲ್ಟಿನ ಬಲ್ಬನ್ನೋ ಲೋಡ್ ಕೊಟ್ಟು ಅಳೆಯಬೇಕು. ಕೆಂಪು ವಯರಿನಲ್ಲಿ 5, ಹಳದಿಯಲ್ಲಿ 12 ವೋಲ್ಟ್ ಬರಬೇಕು. ಕೆಂಪಿನಲ್ಲಿ 4.75ಕ್ಕಿಂತ ಕಡಿಮೆ, 5.25ಕ್ಕಿಂತ ಹೆಚ್ಚು ಇದ್ದರೆ ಬೋರ್ಡಿಗೆ ಜೋಡಿಸಬಾರದು. 486ರ ಕಾಲದ ಬೋರ್ಡಿಗೆ ಎರಡು ಕನೆಕ್ಟರು. ಸಿಕ್ಕಿಸುವಾಗ ಕಪ್ಪು ವಯರುಗಳು ಮಧ್ಯದಲ್ಲಿ ಒಟ್ಟಾಗಬೇಕು. ಅದಲು ಬದಲಾದರೆ ಬೋರ್ಡಿನ ಕತೆ ಮುಗಿಯಿತು.

ಎಚ್ಚರ: ಎಸ್‌ಎಂಪಿಎಸ್, ಮಾನಿಟರು ಎರಡನ್ನೂ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ಕರೆಂಟು ಉಳಿದಿರಬಹುದು. ಹಳೇ ಮಾದರಿಗಳಲ್ಲಿ ಮುಂಭಾಗದ ಸ್ವಿಚ್ಚಿಗೆ ಬರುವ ದಪ್ಪ ಕೇಬಲಿನಲ್ಲೂ 230 ವೋಲ್ಟೇ ಇರುತ್ತದೆ.

ಒಳಗಿನ ಕಳ್ಳ

ಹೊರಗಿನ ಕರೆಂಟನ್ನೇ ನೋಡುತ್ತ ಒಳಗಿನ ಬ್ಯಾಟರಿಯನ್ನು ಮರೆಯುತ್ತೇವೆ. 386, 486 ಬೋರ್ಡುಗಳಲ್ಲಿ ದಿನಾಂಕ ನೆನಪಿಡಲು ಸಣ್ಣ ಪೀಪಾಯಿಯಂಥ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಇದು ಸೋರಿದರೆ ಕ್ಷಾರ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನನ್ನ ಭಾವನ ಮನೆಯ ಕಂಪ್ಯೂಟರನ್ನು 2019ರಲ್ಲಿ ಬಿಚ್ಚಿದಾಗ ಬೋರ್ಡಿನ ಮೂಲೆ ಹಸಿರು ಕಟ್ಟಿತ್ತು, ಕಾಲು ಭಾಗ ತಿಂದಾಗಿತ್ತು. ಯಾವ ಸ್ಟೆಬಿಲೈಸರೂ ಇದನ್ನು ತಡೆಯದು.

ಕಂಪ್ಯೂಟರು ಇನ್ನೂ ನಡೆಯುತ್ತಿದ್ದರೆ ಮೊದಲು ಸೆಟಪ್‌ನಲ್ಲಿರುವ ಹಾರ್ಡ್ ಡಿಸ್ಕಿನ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಬ್ಯಾಟರಿ ತೆಗೆದರೆ ಅದು ಅಳಿಸಿ ಹೋಗುತ್ತದೆ. ಆಮೇಲೆ ಬ್ಯಾಟರಿ ಕತ್ತರಿಸಿ ತೆಗೆಸಿ. ಸೋರಿದ್ದರೆ ಆ ಜಾಗವನ್ನು ಸ್ವಲ್ಪ ವಿನೆಗರಿನಿಂದ, ಬಳಿಕ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಬೇಕು. ಅದೇ ಜಾಗಕ್ಕೆ ನಾಣ್ಯದಂಥ ಲಿಥಿಯಂ ಸೆಲ್ಲನ್ನು ಸುಮ್ಮನೆ ಬೆಸೆಯಬಾರದು. ಬೋರ್ಡು ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಅದು ಚಾರ್ಜ್ ಆಗುವ ಸೆಲ್ ಅಲ್ಲ. ನಡುವೆ ಒಂದು ಡಯೋಡ್ ಬೇಕು.

ಕೊನೆಗೆ, ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು

ಎಷ್ಟು ಜಾಗ್ರತೆ ಮಾಡಿದರೂ ಹತ್ತಿರದಲ್ಲಿ ಬಿದ್ದ ಸಿಡಿಲನ್ನು ತಡೆಯುವ ಸಾಧನ ಇಲ್ಲ. ಯಂತ್ರ ಇಂದಲ್ಲ ನಾಳೆ ಹೋಗುವಂಥದ್ದು. ಒಳಗಿರುವ ಲೆಕ್ಕ ಹೋಗಬಾರದು. ಹಳೇ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕನ್ವರ್ಟರ್ ಸಿಗುತ್ತದೆ. ನಾನು ಆವತ್ತಿನ ಏಟಿನ ಮರುವಾರವೇ ಮಳೆ ಲೆಕ್ಕವನ್ನೆಲ್ಲ ಎರಡು ಕಡೆ ನಕಲು ಮಾಡಿಸಿ, ಒಂದನ್ನು ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಡಾಟ್ ಮ್ಯಾಟ್ರಿಕ್ಸಿನಲ್ಲಿ ಮುದ್ರಿಸಿದ ಒಂದು ಪ್ರತಿ ಗೋದ್ರೆಜ್ ಕಪಾಟಿನಲ್ಲಿದೆ, ಗೆದ್ದಲಿಗೆ ಸಿಗದ ಹಾಗೆ.

486 ಈಗಲೂ ನಡೆಯುತ್ತದೆ. ತಿಂಗಳಿಗೊಮ್ಮೆ ಒಂದು ಗಂಟೆ ಓಡಿಸುತ್ತೇನೆ, ಮಳೆಗಾಲದಲ್ಲಿ ಎರಡು ಸಲ. ಅಪ್ಪನ ಮಳೆಮಾಪಕವೂ ಅಂಗಳದಲ್ಲಿದೆ. ಬೆಳಿಗ್ಗೆ ಎಂಟೂವರೆಗೆ ಈಗ ಅಳೆಯುವವನು ನಾನು. ಬರೆದಾದ ಮೇಲೆ ಪ್ಲಗ್ ಕೀಳಲು ಮಾತ್ರ ಮರೆಯುವುದಿಲ್ಲ.